ನೀರುಗಂಟಿ ಬಂದು ಹೇಳಬೇಕು

ನಮ್ಮೂರು ಹರಿಹರ ತಾಲ್ಲೂಕಿನಲ್ಲಿ, ಭದ್ರಾ ನಾಲೆಯ ಕೊನೆ ಭಾಗದಲ್ಲಿದೆ. ಲಕ್ಕವಳ್ಳಿ ಡ್ಯಾಂನಿಂದ ನಾಲೆಗೆ ನೀರು ಬಿಟ್ಟರು ಅಂತ ಪೇಪರಿನಲ್ಲಿ ಬಂದ ದಿನ ನಮ್ಮ ಕಡೆ ಯಾರೂ ಗುದ್ದಲಿ ಹೆಗಲಿಗೆ ಹಾಕುತ್ತಿರಲಿಲ್ಲ. ನೀರು ಬಿಟ್ಟದ್ದು ಅಲ್ಲಿ, ಬರಬೇಕಾದ್ದು ಇಲ್ಲಿಗೆ. ನಡುವೆ ಎಷ್ಟೋ ಊರು, ಎಷ್ಟೋ ತೂಬು, ರಾತ್ರೋರಾತ್ರಿ ನಾಲೆಗೆ ಇಳಿಬಿಟ್ಟ ಎಷ್ಟೋ ಪಂಪ್‌ಸೆಟ್. ಹಾಗಾಗಿ ಅಪ್ಪ ಪೇಪರು ಓದಿ ಮಡಚಿಟ್ಟು, ನೀರುಗಂಟಿ ಬರಲಿ ಅಂತ ಕಾಯುತ್ತಿದ್ದರು.

ನೀರುಗಂಟಿ ಸಂಜೆ ಮಬ್ಬಾಗುವ ಹೊತ್ತಿಗೆ ಸೈಕಲ್ ಮೇಲೆ ಬರುತ್ತಿದ್ದರು. ಹ್ಯಾಂಡಲ್‌ಗೆ ಟಾರ್ಚ್ ಕಟ್ಟಿರುತ್ತಿತ್ತು. ಸೈಕಲ್ ಇಳಿಯುತ್ತಲೂ ಇರಲಿಲ್ಲ. ಒಂದು ಕಾಲನ್ನು ನಮ್ಮ ಮನೆ ಕಟ್ಟೆ ಮೇಲೆ ಊರಿ ನಿಂತು ಹೇಳುತ್ತಿದ್ದರು: "ಅಣ್ಣಾರೆ, ಇವತ್ತು ರಾತ್ರಿ ಎರಡಕ್ಕೆ ನಿಮ್ ತೂಬು ಎತ್ತೀನಿ. ಬೆಳಿಗ್ಗೆ ಆರಕ್ಕೆ ಮುಚ್ತೀನಿ. ಮೇಲಿನ ಮಡಿ ಬದು ಒಡೆದೈತೆ, ಮೊದ್ಲು ಅದನ್ನ ಕಟ್ಕಳ್ರಿ." ಇಷ್ಟು ಹೇಳಿ ಮುಂದಿನ ಮನೆಗೆ ಹೋಗುತ್ತಿದ್ದರು. ಅಪ್ಪ ಊಟ ಮುಗಿಸಿ ಗುದ್ದಲಿ, ಲಾಟೀನು ಹಿಡಿದು ಹೊರಡುತ್ತಿದ್ದರು.

ಆ ಮೂರು ಮಾತಿನಲ್ಲಿ ಏನೇನಿತ್ತು ನೋಡಿ. ಯಾರ ತೂಬು, ಯಾವಾಗ, ಎಲ್ಲಿಯವರೆಗೆ, ಅಷ್ಟರೊಳಗೆ ಏನು ಮಾಡಿಕೊಳ್ಳಬೇಕು. ಅಪ್ಪ ತಿರುಗಿ ಒಂದು ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ.

ನಾನೀಗ ದಾವಣಗೆರೆಯಲ್ಲಿ ಸಾಫ್ಟ್‌ವೇರ್ ಬರೆಯುತ್ತೇನೆ. ನಾವು ಬಳಸುವ ಲೈಬ್ರರಿಗಳು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ಹಳತಾದಾಗ, ಅವುಗಳಲ್ಲಿ ಕಳ್ಳರು ನುಗ್ಗಬಹುದಾದ ತೂತು ಕಂಡಾಗ, ನಮಗೆ ಸೂಚನೆಗಳು ಬರುತ್ತವೆ. ಅವನ್ನು ಓದುವಾಗಲೆಲ್ಲ ಆ ಸೈಕಲ್ ಕಣ್ಣಿಗೆ ಬರುತ್ತದೆ. ಡ್ಯಾಂನಲ್ಲಿ ಗೇಟ್ ಎತ್ತಿದ ಸುದ್ದಿ ಬೇಕಾದಷ್ಟು ಸಿಗುತ್ತದೆ. ಮನೆ ಬಾಗಿಲಿಗೆ ಬಂದು ಹೇಳುವವರು ಕಡಿಮೆ. ಇದರ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು.

ನಮ್ಮದು ಸಣ್ಣ ಆಫೀಸು. ಪಿ.ಜೆ. ಬಡಾವಣೆಯಲ್ಲಿ ಒಂದು ಮೆಡಿಕಲ್ ಶಾಪ್ ಮೇಲೆ ಎರಡು ರೂಮು, ನಾಲ್ಕು ಜನ. ಎಪಿಎಂಸಿಯ ದಲಾಲಿ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ರೈತ ಮೆಕ್ಕೆಜೋಳ ತಂದರೆ ಎಷ್ಟು ಚೀಲ, ಎಷ್ಟು ಕ್ವಿಂಟಾಲ್, ಯಾವ ರೇಟಿಗೆ ಹೋಯಿತು, ಹಮಾಲಿ ಎಷ್ಟು, ಮುಂಗಡ ಎಷ್ಟು ಮುರಿದುಕೊಂಡರು, ಕೊನೆಗೆ ಕೈಗೆ ಎಷ್ಟು ಬಂತು. ಇಷ್ಟೂ ಒಂದು ಹಾಳೆಯಲ್ಲಿ ಪ್ರಿಂಟ್ ಆಗಿ ರೈತನ ಜೇಬಿಗೆ ಹೋಗಬೇಕು. ಅದು ತಪ್ಪಿದರೆ ಒಂದು ಮನೆಯ ವರ್ಷದ ಲೆಕ್ಕವೇ ತಪ್ಪುತ್ತದೆ. ನಾನೂ ರೈತನ ಮಗ. ಆ ಹಾಳೆ ನನಗೆ ಬರೀ ಕಾಗದ ಅಲ್ಲ.

ಆ ಸಾಫ್ಟ್‌ವೇರ್ ಪೂರ್ತಿ ನಾವೇ ಬರೆದದ್ದಲ್ಲ. ಯಾರೂ ಹಾಗೆ ಬರೆಯುವುದಿಲ್ಲ. ನಮ್ಮೂರಿನ ಮಂಡಕ್ಕಿ ಮೆಣಸಿನಕಾಯಿ ಅಂಗಡಿ ನೋಡಿ. ಅಂಗಡಿಯವರು ಮಂಡಕ್ಕಿ ಹುರಿಯುವುದಿಲ್ಲ, ಅದು ಭಟ್ಟಿಯಿಂದ ಬರುತ್ತದೆ. ಭಟ್ಟಿಯವರು ಭತ್ತ ಬೆಳೆಯುವುದಿಲ್ಲ. ಕಡಲೆಹಿಟ್ಟು ಒಂದು ಕಡೆಯದು, ಎಣ್ಣೆ ಇನ್ನೊಂದು ಕಡೆಯದು. ಸಾಫ್ಟ್‌ವೇರ್ ಕೂಡ ಹೀಗೇ. ಪ್ರಿಂಟ್ ಮಾಡೋಕೆ ಒಂದು ಲೈಬ್ರರಿ, ಎಕ್ಸೆಲ್ ಫೈಲ್ ತೆಗೆಯೋಕೆ ಒಂದು, ದಿನಾಂಕ ಲೆಕ್ಕ ಹಾಕೋಕೆ ಒಂದು. ಪ್ರಪಂಚದಲ್ಲಿ ಎಲ್ಲೋ ಯಾರೋ ಬರೆದು ಉಚಿತವಾಗಿ ಇಟ್ಟದ್ದನ್ನು ನಾವು ತಂದು ಜೋಡಿಸುತ್ತೇವೆ. ಒಮ್ಮೆ ಕೂತು ಎಣಿಸಿದೆವು. ನಾವಾಗಿ ಹೆಸರು ಬರೆದು ತಂದುಕೊಂಡ ಲೈಬ್ರರಿಗಳು 26. ಅವು ತಮ್ಮ ಬೆನ್ನಿಗೆ ಕಟ್ಟಿಕೊಂಡು ತಂದವೂ ಸೇರಿದರೆ 183. ಅಂದರೆ ಹೆಚ್ಚುಕಡಿಮೆ ನೂರೈವತ್ತು ಅಡಿಗೆ ಸಾಮಾನು ನಮ್ಮ ಅಡಿಗೆಮನೆಯಲ್ಲಿ ನಮಗೇ ಗೊತ್ತಿಲ್ಲದೆ ಇದ್ದವು.

ಆ ಎಣಿಕೆ ನಾವು ಸುಮ್ನೆ ಮಾಡಿದ್ದಲ್ಲ. 2021ರ ಡಿಸೆಂಬರ್ ಮಾಡಿಸಿತು.

ಡಿಸೆಂಬರ್ 11, ಶನಿವಾರ ರಾತ್ರಿ. ಮೆಕ್ಕೆಜೋಳದ ಸೀಸನ್ನು. ಯಾರ್ಡಿನಲ್ಲಿ ಲಾರಿ ನಿಲ್ಲಿಸೋಕೆ ಜಾಗ ಇರಲಿಲ್ಲ. ಬೆಂಗಳೂರಿನಲ್ಲಿರುವ ನನ್ನ ಕಾಲೇಜಿನ ಗೆಳೆಯ ಫೋನ್ ಮಾಡಿದ. "ನಿಮ್ದು ಜಾವಾ ಅಲ್ವೇನೋ? ಲಾಗ್‌ಫೋರ್‌ಜೆ ನೋಡ್ಕೊಂಡ್ಯಾ?" ಅಂದ. ನಾವು ಅದನ್ನು ಬಳಸೋದಿಲ್ಲ ಅಂದೆ. "ಬಳಸ್ತೀಯೋ ಇಲ್ವೋ ಅಂತ ನೋಡಿ ಹೇಳು" ಅಂದ.

ಲಾಗ್‌ಫೋರ್‌ಜೆ ಅಂದರೆ ಜಾವಾ ಭಾಷೆಯಲ್ಲಿ ಸಾಫ್ಟ್‌ವೇರ್ ಬರೆಯುವವರು ಬಳಸುವ ಒಂದು ಲೈಬ್ರರಿ. ಅದು ಮಾಡುವುದು ಮಂಡಿ ಗುಮಾಸ್ತನ ಕೆಲಸ. ಸಾಫ್ಟ್‌ವೇರ್‌ನಲ್ಲಿ ಏನೇನು ನಡೆಯಿತೋ ಅದನ್ನೆಲ್ಲ ಸಾಲು ಸಾಲಾಗಿ ಖಾತೆ ಪುಸ್ತಕದಲ್ಲಿ ಬರೆದಿಡುತ್ತದೆ. ಇಂಥವರು ಬಂದರು, ಇಂಥ ಹೆಸರು ಹೇಳಿದರು, ಇಷ್ಟು ಗಂಟೆಗೆ. ಗುಮಾಸ್ತ ಬರೆದುಕೊಂಡರೆ ಸಾಕು. ಆದರೆ ಈ ಗುಮಾಸ್ತನಿಗೆ ಒಂದು ಗುಣ ಇತ್ತು. ಬರೆಯಬೇಕಾದ ಮಾತಿನ ನಡುವೆ ಒಂದು ವಿಶೇಷ ಗುರುತು ಹಾಕಿ "ಇಂಥ ಕಡೆಯಿಂದ ಇದನ್ನು ತಂದುಕೋ" ಅಂದರೆ, ಬರೆಯೋದು ಬಿಟ್ಟು ಹೋಗಿ ತರುತ್ತಿದ್ದ. ತಂದದ್ದನ್ನು ಒಳಗೆ ಬಿಟ್ಟುಕೊಳ್ಳುತ್ತಿದ್ದ. ಯಾರೋ ಗೊತ್ತಿಲ್ಲದವನು ಬಂದು ತನ್ನ ಹೆಸರಿನ ಜಾಗದಲ್ಲಿ ಆ ಗುರುತು ಬರೆಸಿದರೆ ಸಾಕು, ಗಲ್ಲಾಪೆಟ್ಟಿಗೆಯ ಬೀಗದ ಕೈ ಅವನ ಕೈಗೆ. 2013ರಿಂದಲೂ ಈ ಗುಣ ಅದರಲ್ಲಿತ್ತು. 2021ರ ನವೆಂಬರ್ 24ರಂದು ಚೀನಾದ ಅಲಿಬಾಬಾ ಕ್ಲೌಡ್‌ನ ಭದ್ರತಾ ತಂಡದವರು ಇದನ್ನು ಕಂಡು ಲಾಗ್‌ಫೋರ್‌ಜೆ ನೋಡಿಕೊಳ್ಳುವ ಅಪಾಚೆ ಸಂಸ್ಥೆಗೆ ತಿಳಿಸಿದರು. ಡಿಸೆಂಬರ್ 10ರ ಹೊತ್ತಿಗೆ ಜಗತ್ತಿಗೆಲ್ಲ ಗೊತ್ತಾಯಿತು. ಇಂಥ ತೂತುಗಳಿಗೆ ಎಷ್ಟು ಅಪಾಯ ಅಂತ ಅಂಕ ಕೊಡುವ ಪದ್ಧತಿ ಇದೆ. ಇದಕ್ಕೆ ಸಿಕ್ಕಿದ್ದು 10ಕ್ಕೆ 10.

ರಾತ್ರಿ ಹನ್ನೊಂದಕ್ಕೆ ಆಫೀಸಿನ ಬಾಗಿಲು ತೆಗೆದೆ. ಜಾವಾದವರು ಬಳಸುವ ಮೇವನ್ ಅನ್ನೋ ಸಾಧನಕ್ಕೆ ಡಿಪೆಂಡೆನ್ಸಿ ಟ್ರೀ ತೋರಿಸು ಅಂದರೆ ಆಲದ ಬಿಳಲಿನ ಹಾಗೆ ಪೂರ್ತಿ ಪಟ್ಟಿ ಇಳಿಯುತ್ತದೆ. ಯಾವುದು ಯಾವುದನ್ನು ಹಿಡಿದುಕೊಂಡು ಬಂತು ಅಂತ ಒಂದೊಂದು ಗೆರೆ ಒಳಗೆ ಸರಿಯುತ್ತಾ ಹೋಗುತ್ತದೆ. ಕೆಳಗಿಳಿಯುತ್ತಾ ಹೋದೆ. ನಮ್ಮ ಹೆಸರು, ಅದರ ಕೆಳಗೆ ರಿಪೋರ್ಟ್ ಪ್ರಿಂಟ್ ಮಾಡುವ ಲೈಬ್ರರಿ, ಅದರ ಕೆಳಗೆ ಇನ್ನೊಂದು, ಅದರ ಕೆಳಗೆ, ನಾಲ್ಕು ಗೆರೆ ಒಳಗೆ: ಲಾಗ್‌ಫೋರ್‌ಜೆ-ಕೋರ್ 2.11.1. 2.14.1ರವರೆಗಿನ ವರ್ಷನ್‌ಗಳಿಗೆಲ್ಲ ಅಪಾಯ ಇತ್ತು. ನಮ್ಮದು ಅದರೊಳಗೇ ಬಿತ್ತು. ಕೈ ತಣ್ಣಗಾಯಿತು. ಹದಿನಾಲ್ಕು ಅಂಗಡಿ. ಯಜಮಾನರು ಮನೆಯಲ್ಲಿ ಕೂತೇ ಫೋನಿನಲ್ಲಿ ಲೆಕ್ಕ ನೋಡಲಿ ಅಂತ ಸರ್ವರನ್ನು ನಾವೇ ಇಂಟರ್ನೆಟ್ಟಿಗೆ ತೆರೆದಿಟ್ಟಿದ್ದೆವು.

ಮರುದಿನ ಭಾನುವಾರ, ಯಾರ್ಡಿಗೆ ರಜೆ. ಒಬ್ಬೊಬ್ಬರೇ ಯಜಮಾನರಿಗೆ ಫೋನ್ ಮಾಡಿ ಬೀಗ ತೆಗೆಸಿ 2.15.0 ಹಾಕಿದೆವು. ಸೋಮವಾರ 2.16.0 ಬಂತು, ಮೊದಲಿನದು ಪೂರ್ತಿ ಸಾಲದಂತೆ. ಆ ವಾರದ ಕೊನೆಗೆ 2.17.0. ಡಿಸೆಂಬರ್ 28ಕ್ಕೆ 2.17.1. ಮೂರು ವಾರದೊಳಗೆ ನಾಲ್ಕು ಸಲ ಅದೇ ಹದಿನಾಲ್ಕು ಅಂಗಡಿ ಸುತ್ತಿದೆವು. ನಮ್ಮ ಖಾತೆ ಪುಸ್ತಕ ತೆಗೆದು ನೋಡಿದರೆ ಶನಿವಾರ ಬೆಳಗಿನ ಜಾವವೇ ಯಾರೋ ಆ ಗುರುತು ಬರೆಸಿ ನೋಡಿದ್ದರು. ಸರ್ವರ್‌ನಿಂದ ಹೊರಗೆ ಹೋಗುವ ದಾರಿಗಳನ್ನು ಮುಚ್ಚಿಟ್ಟಿದ್ದರಿಂದ ಗುಮಾಸ್ತನಿಗೆ ತರೋಕೆ ಹೋಗಲಾಗಲಿಲ್ಲ. ಆ ದಾರಿ ಮುಚ್ಚಿದ್ದು ಇನ್ಯಾವುದೋ ಕಾರಣಕ್ಕೆ, ಎರಡು ವರ್ಷ ಮುಂಚೆ. ಅದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ ವಿಷಯ. ಸೂಚನೆ ಬಂದಿರಲಿಲ್ಲ ಅಂತಲ್ಲ. ಬಂದಿತ್ತು.

ನಮ್ಮಲ್ಲಿ ಮೊದಲು ಒಬ್ಬ ಹುಡುಗ ಕೆಲಸ ಮಾಡುತ್ತಿದ್ದ. ಬಹಳ ಚುರುಕು. ನಮ್ಮ ಕೋಡನ್ನು ಗಿಟ್‌ಹಬ್‌ಗೆ, ಅಂದರೆ ಕೋಡ್ ಇಟ್ಟುಕೊಳ್ಳುವ ಜಾಲತಾಣಕ್ಕೆ, ಹಾಕಿದವನೇ ಅವನು. ಹಳೇ ಲೈಬ್ರರಿಗಳ ಬಗ್ಗೆ ಸೂಚನೆ ಬರುವ ವ್ಯವಸ್ಥೆ ಆನ್ ಮಾಡಿಟ್ಟದ್ದೂ ಅವನೇ, ತನ್ನ ಮೇಲ್ ವಿಳಾಸ ಕೊಟ್ಟು. ಆಮೇಲೆ ಬೆಂಗಳೂರಿಗೆ ಹೋದ. ನಾವು ಸಿಹಿ ಹಂಚಿ ಕಳಿಸಿಕೊಟ್ಟೆವು. ವಿಳಾಸ ಬದಲಾಯಿಸಲಿಲ್ಲ. ಆ ಭಾನುವಾರ ಮಧ್ಯಾಹ್ನ ಅವನಿಗೆ ಫೋನ್ ಮಾಡಿದರೆ ಅಳುವ ದನಿಯಲ್ಲಿ ಹೇಳಿದ: "ಅಣ್ಣಾ, ನಂಗೆ ಶುಕ್ರವಾರನೇ ಮೇಲ್ ಬಂದಿತ್ತು. ಹಳೇ ಕೆಲ್ಸದ್ದು ಅಂತ ತೆಗೆದು ನೋಡ್ಲೇ ಇಲ್ಲ." ಅವನದೇನು ತಪ್ಪು? ಊರು ಬಿಟ್ಟು ಹೋದವರ ಮನೆ ಬಾಗಿಲಲ್ಲಿ ನೀರುಗಂಟಿ ಕೂಗಿ ಹೋದ ಹಾಗಾಯಿತು. ಗದ್ದೆ ನನ್ನದು, ತಪ್ಪೂ ನನ್ನದು.

ಇದು ಸಣ್ಣ ಊರಿನ ಸಣ್ಣ ಆಫೀಸಿಗೆ ಮಾತ್ರ ಆಗುವ ಕಥೆ ಅಂದುಕೊಂಡಿದ್ದೆ. ಆಮೇಲೆ ಈಕ್ವಿಫ್ಯಾಕ್ಸ್ ವಿಷಯ ಓದಿದೆ. ಅಮೆರಿಕದ ದೊಡ್ಡ ಕಂಪನಿ, ಜನರ ಸಾಲದ ಇತಿಹಾಸ ಇಟ್ಟುಕೊಳ್ಳುವವರು. 2017ರ ಮಾರ್ಚ್ 7ರಂದು ಅಪಾಚೆ ಸ್ಟ್ರಟ್ಸ್ ಅನ್ನೋ ಲೈಬ್ರರಿಯ ಒಂದು ತೂತಿಗೆ ತೇಪೆ ಬಿಡುಗಡೆಯಾಯಿತು. ಎರಡೇ ದಿನದಲ್ಲಿ ಕಂಪನಿಯೊಳಗೆ 400ಕ್ಕೂ ಹೆಚ್ಚು ಜನಕ್ಕೆ ಮೇಲ್ ಹೋಯಿತು. ಮೇ ತಿಂಗಳಲ್ಲಿ ಕಳ್ಳರು ಅದೇ ತೂತಿನಿಂದ ಒಳಗೆ ಬಂದರು. ಗೊತ್ತಾಗಿದ್ದು ಜುಲೈ ಕೊನೆಗೆ. ಸುಮಾರು 14.7 ಕೋಟಿ ಜನರ ವಿವರ ಹೋಯಿತು. ಅಮೆರಿಕ ಸರ್ಕಾರದ ಲೆಕ್ಕಪರಿಶೋಧಕರು 2018ರಲ್ಲಿ ಕೊಟ್ಟ ವರದಿಯಲ್ಲಿ ಒಂದು ಸಾಲು ಇದೆ: ಮೇಲ್ ಕಳಿಸಿದ ಪಟ್ಟಿಯೇ ಹಳೆಯದಾಗಿತ್ತು, ತೇಪೆ ಹಾಕಬೇಕಾದವರಿಗೆ ಅದು ತಲುಪಲೇ ಇಲ್ಲ. ನಾನೂರು ಜನಕ್ಕೆ ಹೋಯಿತು, ಬೇಕಾದವರಿಗೆ ಹೋಗಲಿಲ್ಲ. ಅದನ್ನು ಓದಿದ ದಿನ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಲೈಬ್ರರಿ ಹಳತಾಗಿದೆ ಅಂತ ಹೇಳುವ ಪಟ್ಟಿಯೇ ಹಳತಾಗಿದ್ದರೆ ಏನು ಮಾಡೋದು?

ಹೊಸ ವರ್ಷದ ಮೊದಲ ವಾರ ಎಲ್ಲ ಸೂಚನೆಗಳನ್ನೂ ಆನ್ ಮಾಡಿದೆವು, ನಾಲ್ಕೂ ಜನರ ವಿಳಾಸಕ್ಕೆ. ಗಿಟ್‌ಹಬ್‌ನಲ್ಲಿ ಡಿಪೆಂಡಾಬಾಟ್ ಅಂತ ಒಂದಿದೆ. 2017ರಲ್ಲಿ ಶುರುವಾಗಿದ್ದು, 2019ರಲ್ಲಿ ಗಿಟ್‌ಹಬ್ ಕೊಂಡುಕೊಂಡಿತು. ಅದು ನಮ್ಮ ಲೈಬ್ರರಿಗಳ ಪಟ್ಟಿ ಓದುತ್ತದೆ. ಪ್ರತಿಯೊಂದಕ್ಕೂ ಈಗ ಹೊರಗೆ ಯಾವ ವರ್ಷನ್ ಸಿಗುತ್ತಿದೆ ಅಂತ ನೋಡುತ್ತದೆ. ತೂತುಗಳ ಪಟ್ಟಿಯ ಜೊತೆಗೂ ಹೋಲಿಸುತ್ತದೆ. ಹಳತಾಗಿದ್ದರೆ ಬದಲಾವಣೆಯನ್ನು ತಾನೇ ಬರೆದು, ಒಪ್ಪಿಗೆ ಕೊಡಿ ಅಂತ ನಮ್ಮ ಮುಂದಿಡುತ್ತದೆ. ರೆನೊವೇಟ್ ಅಂತ ಇನ್ನೊಂದಿದೆ, ಅದೂ ಹೀಗೇ. ನಾವು ಕೂತು ಹುಡುಕಿದರೆ ಒಂದು ದಿನ ಹಿಡಿಯುವ ಕೆಲಸವನ್ನು ಇವು ಕಣ್ಣುಮುಚ್ಚಿ ತೆಗೆಯೋದರಲ್ಲಿ ಮಾಡುತ್ತವೆ. ಇವನ್ನು ಮಾಡಿದವರ ಮೇಲೆ ನನಗೆ ನಿಜವಾಗಿ ಗೌರವ ಇದೆ.

ಆದರೆ ಮೊದಲ ವಾರ 214 ಮೇಲ್ ಬಂದವು. ನಾಲೆ ಒಡೆದು ಗದ್ದೆಗೆ ನುಗ್ಗಿದ ಹಾಗೆ. ಟೆಸ್ಟ್ ಮಾಡುವಾಗ ಮಾತ್ರ ಬೇಕಾಗುವ ಯಾವುದೋ ಪುಟ್ಟ ಲೈಬ್ರರಿಯ ಕೊನೆ ಅಂಕಿ ಬದಲಾದರೂ ಒಂದು ಮೇಲ್. ಗಲ್ಲಾಪೆಟ್ಟಿಗೆಗೇ ಕನ್ನ ಬಿದ್ದರೂ ಒಂದು ಮೇಲ್. ಎರಡಕ್ಕೂ ಒಂದೇ ಬಣ್ಣ, ಒಂದೇ ಅಕ್ಷರ. ಮೂರನೇ ವಾರ ನಮ್ಮ ತಂಡದ ಕಿರಿಯ ಹುಡುಗಿಯ ಕಂಪ್ಯೂಟರ್ ಪಕ್ಕ ನಿಂತಾಗ ನೋಡಿದೆ, ಆ ಮೇಲ್‌ಗಳೆಲ್ಲ ತಾವಾಗಿ ಒಂದು ಫೋಲ್ಡರಿಗೆ ಹೋಗಿ ಬೀಳುವಂತೆ ಮಾಡಿಟ್ಟಿದ್ದಳು. ಸಾವಿರದ ಹತ್ತಿರ ಇದ್ದವು. ಒಂದನ್ನೂ ತೆರೆದಿರಲಿಲ್ಲ. ಕೇಳಿದ್ದಕ್ಕೆ ಮುಚ್ಚುಮರೆ ಇಲ್ಲದೆ ಹೇಳಿದಳು: "ಸರ್, ಎಲ್ಲಾನೂ ಅರ್ಜೆಂಟು ಅಂದ್ರೆ ಯಾವ್ದೂ ಅರ್ಜೆಂಟಲ್ಲ ಅನ್ಸುತ್ತೆ." ನಾನು ಅವಳನ್ನು ಬೈಯಲಿಲ್ಲ. ನನ್ನ ಮೇಲ್‌ನಲ್ಲೂ ಅಂಥದೇ ಫೋಲ್ಡರ್ ಇತ್ತು.

ಅವತ್ತು ನೀರುಗಂಟಿಯ ಕಥೆಯನ್ನು ಅವರಿಗೆಲ್ಲ ಹೇಳಿದೆ. ಅವರು ಊರಿಗೆಲ್ಲ ಕೇಳುವ ಹಾಗೆ ಡಂಗುರ ಹೊಡೆಸಬಹುದಿತ್ತು. ಹೊಡೆಸಲಿಲ್ಲ. ಅವತ್ತು ಯಾರ ಸರದಿಯೋ ಅವರ ಮನೆಗೆ ಮಾತ್ರ ಹೋದರು. ಬೇರೆಯವರು ನೆಮ್ಮದಿಯಾಗಿ ಮಲಗಿದರು. ನಮಗೆ ಬೇಕಾದ್ದು ಅದು.

ಆ ಹುಡುಗಿಯೇ ಒಂದು ಪದ್ಧತಿ ಮಾಡಿದಳು. ದಿನಾ ಬರುವ ಮೇಲ್ ನಿಲ್ಲಿಸಿ ವಾರಕ್ಕೊಮ್ಮೆ ಮಾಡಿದಳು, ಸೋಮವಾರ ಬೆಳಿಗ್ಗೆ. ಒಂದು ಜಾತಿಯವನ್ನೆಲ್ಲ ಒಂದೇ ಕಟ್ಟಾಗಿ ಬರುವ ಹಾಗೆ ಮಾಡಿದಳು. ತಡಮಾಡಿದರೆ ಅಪಾಯ ಅನ್ನುವಂಥ ತೂತಿದ್ದರೆ ಮಾತ್ರ ಆ ಕ್ಷಣವೇ ಫೋನಿಗೆ ಸಂದೇಶ. ಸೋಮವಾರ ಅವಳು ಕಟ್ಟನ್ನೆಲ್ಲ ಓದಿ, ಅರ್ಧ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ನೀರಿನ ಕ್ಯಾನ್ ಮೇಲಿನ ಗೋಡೆಗೆ ಅಂಟಿಸುತ್ತಾಳೆ. ಒಂದು ಹಾಳೆ ನನ್ನ ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದೇನೆ. ಅದರಲ್ಲಿ ಹೀಗಿದೆ: "ಎಕ್ಸೆಲ್ ಲೈಬ್ರರಿ ಎರಡು ವರ್ಷ ಹಿಂದೆ ಉಳಿದಿದೆ. ಹೊರಗಿನವರು ಕೊಟ್ಟ ಫೈಲ್ ತೆರೆದಾಗ ಮೆಮೊರಿ ತುಂಬಿ ನಿಲ್ಲಬಹುದು. ನಾವು ಹೊರಗಿನ ಫೈಲ್ ತೆರೆಯೋದು ಬ್ಯಾಂಕ್ ಸ್ಟೇಟ್‌ಮೆಂಟ್ ಪುಟದಲ್ಲಿ ಮಾತ್ರ. ಬದಲಾಯಿಸಿದರೆ ಆ ಒಂದು ಪುಟ ಪರೀಕ್ಷೆ ಮಾಡಿದರೆ ಸಾಕು. ಅರ್ಧ ದಿನದ ಕೆಲಸ. ಶುಕ್ರವಾರದೊಳಗೆ ನಾನು ಮಾಡುತ್ತೇನೆ." ಯಂತ್ರ ಹೇಳಿದ್ದು ಮೊದಲ ಎರಡು ಸಾಲು ಮಾತ್ರ. ಉಳಿದ ಸಾಲುಗಳು ನಮ್ಮ ಗದ್ದೆ ಬಲ್ಲವರು ಮಾತ್ರ ಬರೆಯಬಹುದಾದವು. ಬದು ಎಲ್ಲಿ ಒಡೆದಿದೆ ಅಂತ ಡ್ಯಾಂನಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಅಂಗಡಿ ಯಜಮಾನರನ್ನು ಒಪ್ಪಿಸುವುದು ಇನ್ನೊಂದು ಕೆಲಸ. ಒಬ್ಬ ಹಿರಿಯರು ಕೇಳಿದರು, "ಅಲ್ಲಪಾ ತಮ್ಮಾ, ಓಡ್ತಿರೋ ಗಾಡಿಗೆ ಯಾಕ್ ಕೈ ಹಾಕ್ತೀಯ? ಲೆಕ್ಕ ಸರಿ ಬರ್ತಾ ಐತಲ್ಲ?" ಅವರ ಎದುರಿಗೇ ತೂಕದ ಯಂತ್ರ ಇತ್ತು. ಅದರ ಮೇಲೆ ಆ ವರ್ಷದ ಮುದ್ರೆ ಇತ್ತು. ನಾನು ಅದರ ಕಡೆ ಕೈ ತೋರಿಸಿ, "ಯಜಮಾನ್ರೇ, ಇದೂ ಸರಿ ತೂಗ್ತಾ ಐತಲ್ವಾ? ಆದ್ರೂ ವರ್ಷ ವರ್ಷ ಮುದ್ರೆ ಯಾಕೆ ಹಾಕಿಸ್ತೀರಿ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ರೈತ ನಂಬ್ಕೊಂಡು ಬರ್ತಾನಪಾ" ಅಂದರು. ಆಮೇಲೆ ಅವರ ಅಂಗಡಿಯಲ್ಲಿ ಅಪ್‌ಡೇಟ್‌ಗೆ ನಾನು ಯಾವತ್ತೂ ಎರಡು ಸಲ ಕೇಳಬೇಕಾಗಿಲ್ಲ.

ಹಾಗಂತ ಹೊಸದು ಬಂದ ಕೂಡಲೇ ಹಾಕಿಕೊಳ್ಳಬೇಕು ಅಂತ ನಾನು ಹೇಳುವುದಿಲ್ಲ. ಇಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ವರ್ಷನ್ ನಂಬರಿನಲ್ಲಿ ಸಾಮಾನ್ಯವಾಗಿ ಮೂರು ಅಂಕಿ ಇರುತ್ತವೆ. ಕೊನೆಯದು ಬದಲಾದರೆ ಏನೋ ರಿಪೇರಿ. ನಡುವಿನದು ಬದಲಾದರೆ ಹೊಸದೇನೋ ಸೇರಿದೆ, ಹಳೆಯದಕ್ಕೆ ತೊಂದರೆ ಇಲ್ಲ. ಮೊದಲನೆಯದು ಬದಲಾದರೆ ಹಳೆಯ ಕೋಡ್ ಮುರಿಯಬಹುದು, ಎಚ್ಚರ. ಇದು ಬರೆದವರು ಕೊಡುವ ಮಾತು. ಮಾತು ತಪ್ಪುವುದೂ ಉಂಟು. ಆದ್ದರಿಂದ ನಾವು ರಿಪೇರಿ ಅಪ್‌ಡೇಟ್‌ಗಳನ್ನು ಟೆಸ್ಟ್ ಪಾಸಾದರೆ ಹಾಕುತ್ತೇವೆ. ಮೊದಲ ಅಂಕಿ ಬದಲಾದರೆ ಸೀಸನ್ ಮುಗಿಯುವವರೆಗೆ ಮುಟ್ಟುವುದಿಲ್ಲ. ತೂತಿನ ತೇಪೆ ಅಲ್ಲದಿದ್ದರೆ, ಯಾವುದೇ ಹೊಸ ವರ್ಷನ್‌ ಆಗಲಿ, ಕೆಲವು ದಿನ ಕಾಯುತ್ತೇವೆ. ಮಂಡಿಗೆ ಬಂದ ಹೊಸ ಮಾಲಿನ ಹಸಿ ಆರಲಿ ಅಂತ ಕಾಯುವ ಹಾಗೆ.

ಕಾಯುವುದು ಯಾಕೆ ಅಂದರೆ 2024ರ ಮಾರ್ಚ್ ನೆನಪಿದೆ. ಎಕ್ಸ್‌ಝೆಡ್ ಅಂತ ಫೈಲ್ ಕುಗ್ಗಿಸುವ ಒಂದು ಸಣ್ಣ ಸಾಧನ, ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಇರುವ ಕಡೆಯೆಲ್ಲ ಹೆಚ್ಚುಕಡಿಮೆ ಇರುತ್ತದೆ. ಅದನ್ನು ನೋಡಿಕೊಳ್ಳುತ್ತಿದ್ದವರ ವಿಶ್ವಾಸವನ್ನು ವರ್ಷಗಟ್ಟಲೆ ಗಳಿಸಿದ ಯಾರೋ ಒಬ್ಬರು 5.6.0 ಮತ್ತು 5.6.1 ವರ್ಷನ್‌ಗಳಲ್ಲಿ ಕಳ್ಳಬಾಗಿಲು ಇಟ್ಟರು. ಆಂಡ್ರೆಸ್ ಫ್ರಾಯಿಂಡ್ ಅನ್ನೋ ಎಂಜಿನಿಯರ್, ತಮ್ಮ ಯಂತ್ರಕ್ಕೆ ಲಾಗಿನ್ ಆಗುವುದು ಅರ್ಧ ಸೆಕೆಂಡ್ ನಿಧಾನವಾಯಿತು ಅಂತ ಬೆನ್ನು ಹತ್ತಿ ಅದನ್ನು ಹಿಡಿದರು. ಅರ್ಧ ಸೆಕೆಂಡು! ಹೊತ್ತಿಗೆ ಸರಿಯಾಗಿ ಬರುವ ನೀರು ಇವತ್ತು ಯಾಕೆ ತಡವಾಯಿತು ಅಂತ ರಾತ್ರಿಯೇ ನಾಲೆಗುಂಟ ನಡೆದು ಹೋಗಿ ನೋಡುವವರ ಹಾಗೆ. ಆ ಸಲ ಹಳೆಯ, ಸ್ಥಿರ ವರ್ಷನ್‌ನಲ್ಲೇ ಇದ್ದವರು ಉಳಿದುಕೊಂಡರು. ಹೊಸದಕ್ಕೆ ಓಡಿದವರು ಸಿಕ್ಕಿಬಿದ್ದರು.

ಇನ್ನೂ ನೋವಿನ ಸಂಗತಿ 2025ರ ಸೆಪ್ಟೆಂಬರಿನದು. ಜಾವಾಸ್ಕ್ರಿಪ್ಟ್ ಲೈಬ್ರರಿಗಳ ಗೋದಾಮು ಎನ್‌ಪಿಎಂ. ಅಲ್ಲಿ ಬಹಳ ಜನ ಬಳಸುವ ಚಾಕ್, ಡಿಬಗ್ ಮುಂತಾದ ಲೈಬ್ರರಿಗಳನ್ನು ನೋಡಿಕೊಳ್ಳುವ ಒಬ್ಬರಿಗೆ ಮೇಲ್ ಬಂತು. ನಿಮ್ಮ ಲಾಗಿನ್ ಭದ್ರತೆ ಹಳತಾಗಿದೆ, ಇಂಥ ದಿನದೊಳಗೆ ಅಪ್‌ಡೇಟ್ ಮಾಡದಿದ್ದರೆ ಖಾತೆ ಬೀಗ ಬೀಳುತ್ತದೆ ಅಂತ. ಎನ್‌ಪಿಎಂನವರೇ ಬರೆದ ಹಾಗಿತ್ತು. ಆದರೆ ಸುಳ್ಳು ಮೇಲ್. ಅವರು ನಂಬಿ ವಿವರ ತುಂಬಿದರು. ಕಳ್ಳರು ಆ ಲೈಬ್ರರಿಗಳಲ್ಲೇ ವಿಷ ಹಾಕಿ ಹೊಸ ವರ್ಷನ್ ಬಿಟ್ಟರು. "ನಿಮ್ಮದು ಹಳತಾಗಿದೆ" ಅನ್ನೋ ಒಳ್ಳೆಯ ಮಾತೇ ಆಯುಧವಾಯಿತು. ನೀರುಗಂಟಿಯ ಕೆಮ್ಮು ನಮ್ಮಪ್ಪನಿಗೆ ದೂರದಿಂದಲೇ ಗೊತ್ತಾಗುತ್ತಿತ್ತು. ಮೇಲ್‌ಗೆ ಕೆಮ್ಮಿಲ್ಲ. ಅವತ್ತಿನಿಂದ ನಮ್ಮ ಆಫೀಸಿನಲ್ಲಿ ಸೂಚನೆಯೊಳಗಿನ ಲಿಂಕ್ ಯಾರೂ ಒತ್ತುವುದಿಲ್ಲ. ಸೂಚನೆ ಓದಿ, ನಾವಾಗಿಯೇ ಮೂಲ ಜಾಗಕ್ಕೆ ಹೋಗಿ ನೋಡುತ್ತೇವೆ.

ಇಷ್ಟು ಹೊತ್ತು ಸೂಚನೆ ಪಡೆಯುವವನಾಗಿ ಬರೆದೆ. ಕೊಡುವವನೂ ಆಗಿದ್ದೇನೆ, ಸಣ್ಣ ಮಟ್ಟದಲ್ಲಿ.

ಅಂಕಿಯನ್ನು ಕನ್ನಡ ಅಕ್ಷರದಲ್ಲಿ ಬರೆಯುವ ಒಂದು ಪುಟ್ಟ ಲೈಬ್ರರಿ ಮಾಡಿ ಎನ್‌ಪಿಎಂನಲ್ಲಿ ಇಟ್ಟಿದ್ದೇನೆ. 1,25,350 ಕೊಟ್ಟರೆ "ಒಂದು ಲಕ್ಷದ ಇಪ್ಪತ್ತೈದು ಸಾವಿರದ ಮುನ್ನೂರ ಐವತ್ತು" ಅಂತ ಬರೆಯುತ್ತದೆ. ನೋಡೋಕೆ ಸುಲಭ, ಮಾಡೋಕೆ ಕಷ್ಟ. ಕನ್ನಡದಲ್ಲಿ ಬರೀ ಪದ ಜೋಡಿಸಿದರೆ ಆಗುವುದಿಲ್ಲ. ಮುಂದೆ ಏನಾದರೂ ಇದ್ದರೆ "ಮುನ್ನೂರು" ಹೋಗಿ "ಮುನ್ನೂರ" ಆಗಬೇಕು, "ಲಕ್ಷ" ಹೋಗಿ "ಲಕ್ಷದ" ಆಗಬೇಕು. ಹಲವು ರಾತ್ರಿ ಅದಕ್ಕೆ ಕೂತಿದ್ದೇನೆ. ಪ್ರೀತಿಯಿಂದ ಮಾಡಿದ್ದು.

ಒಂದು ದಿನ ನಮ್ಮದೇ ಸಾಫ್ಟ್‌ವೇರ್ ಪ್ರಿಂಟ್ ಮಾಡಿದ ಹಾಳೆಯಲ್ಲಿ ತಪ್ಪು ಕಂಡೆ. ಅಂಕಿಯಲ್ಲಿ 1,05,000. ಅಕ್ಷರದಲ್ಲಿ ಒಂದು ಲಕ್ಷದ ಐವತ್ತು ಸಾವಿರ. ಐದರ ಎಡಕ್ಕಿರಬೇಕಾದ ಸೊನ್ನೆ ಬಲಕ್ಕೆ ಹೋಗಿ ಕೂತಿತ್ತು. ಹಿಂದಿನ ತಿಂಗಳು ನಾನೇ ಮಾಡಿದ ಒಂದು ಬದಲಾವಣೆಯಿಂದ ಆದದ್ದು. ಹತ್ತು ನಿಮಿಷದಲ್ಲಿ ಸರಿ ಮಾಡಿದೆ. ಆಮೇಲೆ ಹೊಳೆಯಿತು, ಇದನ್ನು ಬೇರೆ ಯಾರು ಬಳಸುತ್ತಿದ್ದಾರೋ ನನಗೆ ಗೊತ್ತಿಲ್ಲ. ಡೌನ್‌ಲೋಡ್ ಎಷ್ಟು ಅಂತ ಕಾಣುತ್ತದೆ, ಯಾರು ಅಂತ ಕಾಣುವುದಿಲ್ಲ. ಯಾವುದೋ ಊರಿನಲ್ಲಿ, ಯಾರದೋ ರಸೀದಿಯಲ್ಲಿ, ನನ್ನ ತಪ್ಪು ಅಚ್ಚಾಗಿ ಕೂತಿರಬಹುದು.

ಮೊದಲೆಲ್ಲ ಬದಲಾವಣೆಯ ಟಿಪ್ಪಣಿಯಲ್ಲಿ "ಸಣ್ಣಪುಟ್ಟ ತಪ್ಪು ಸರಿಪಡಿಸಿದೆ" ಅಂತ ಒಂದು ಸಾಲು ಬರೆದು ಮುಗಿಸುತ್ತಿದ್ದೆ. ಅವತ್ತು ಹಾಗೆ ಬರೆಯಲು ಕೈ ಬರಲಿಲ್ಲ. ಕಟ್ಟೆ ಮೇಲೆ ಕಾಲೂರಿ ನಿಂತವರು ಹೇಗೆ ಹೇಳುತ್ತಿದ್ದರು ಅಂತ ನೆನೆದುಕೊಂಡು ಬರೆದೆ. ಯಾವ ಎರಡು ವರ್ಷನ್‌ಗಳಲ್ಲಿ ತಪ್ಪಿದೆ. ಲಕ್ಷದ ಮುಂದೆ ಹತ್ತಕ್ಕಿಂತ ಕಡಿಮೆ ಸಾವಿರ ಇರುವ ಮೊತ್ತಗಳು ಮಾತ್ರ ತಪ್ಪಾಗಿವೆ, ಉದಾಹರಣೆಗೆ 1,05,000 ಅಥವಾ 3,08,500. ಅಂಕಿಯಲ್ಲಿ ಬರೆದದ್ದು ಸರಿಯಾಗಿಯೇ ಇದೆ. ಹೊಸ ವರ್ಷನ್ ಹಾಕಿಕೊಳ್ಳಲು ಕೋಡ್‌ನಲ್ಲಿ ಏನೂ ಬದಲಾಯಿಸಬೇಕಿಲ್ಲ. ಈ ತಾರೀಖಿನಿಂದ ಈ ತಾರೀಖಿನವರೆಗೆ ಪ್ರಿಂಟ್ ಮಾಡಿದ ರಸೀದಿಗಳನ್ನು ದಯವಿಟ್ಟು ತೆಗೆದು ನೋಡಿ. ತಪ್ಪು ನನ್ನದು, ಇದು ನನ್ನ ಫೋನ್ ನಂಬರ್. ಹಳೇ ವರ್ಷನ್‌ಗಳಿಗೆ ಎನ್‌ಪಿಎಂನಲ್ಲಿ ಡೆಪ್ರಿಕೇಟ್, ಅಂದರೆ ಇನ್ನು ಬಳಸಬೇಡಿ ಅನ್ನೋ ಗುರುತು ಹಾಕಬಹುದು. ಹಾಕಿದರೆ ಮುಂದೆ ಯಾರು ಇನ್‌ಸ್ಟಾಲ್ ಮಾಡಿದರೂ ನಾವು ಬರೆದ ಸಾಲು ಅವರ ತೆರೆಯ ಮೇಲೆ ಬರುತ್ತದೆ. ಅದನ್ನೂ ಹಾಕಿದೆ.

ಹನ್ನೊಂದು ದಿನ ಏನೂ ಇಲ್ಲ. ಹನ್ನೆರಡನೇ ದಿನ ಸಂಜೆ ಒಂದು ಫೋನ್ ಬಂತು, ಚಿತ್ರದುರ್ಗದಿಂದ. ಹುಡುಗನ ದನಿ. ಒಂದು ಪತ್ತಿನ ಸಹಕಾರ ಸಂಘಕ್ಕೆ ಒಬ್ಬನೇ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದಾನಂತೆ.

"ಸರ್, ನೀವು ಬರೆದಿದ್ದು ಇವತ್ತು ನೋಡಿದೆ. ನೀವು ಹೇಳಿದ ತಾರೀಖಿನ ರಸೀದಿ ಎಲ್ಲಾ ತೆಗೆಸಿ ನೋಡಿದ್ವಿ. ಮೂರು ಸಿಕ್ಕಿದಾವೆ. ಎರಡು ಊರಲ್ಲೇ, ಹೊಸ ರಸೀದಿ ಕೊಟ್ಟಾಯ್ತು."

"ಇನ್ನೊಂದು?"

"ಒಬ್ರು ಅಜ್ಜೀದು ಸರ್, ಹೊಳಲ್ಕೆರೆ ಹತ್ರ ಹಳ್ಳಿ. ಡಿಪಾಸಿಟ್ ಇಟ್ಟಿದ್ದು. ನಾಳೆ ಬೈಕಲ್ಲಿ ಹೋಗಿ ನಾನೇ ಕೊಟ್ಟು ಹೇಳಿ ಬರ್ತೀನಿ. ಫೋನಲ್ಲಿ ಹೇಳಿದ್ರೆ ಗಾಬರಿ ಬೀಳ್ತಾರೆ."

ನನಗೆ ಸ್ವಲ್ಪ ಹೊತ್ತು ಮಾತು ಬರಲಿಲ್ಲ. ಪೆಟ್ರೋಲ್ ಖರ್ಚು ಕಳಿಸುತ್ತೇನೆ ಅಂದೆ. ಬೇಡ ಅಂದ. ಇಡುವ ಮುಂಚೆ, "ಸರ್, ಮುಂದೆ ಏನಾದ್ರೂ ಇದ್ರೆ ಈ ನಂಬರಿಗೂ ಒಂದು ಮೆಸೇಜ್ ಹಾಕ್ಬಿಡಿ" ಅಂದ. ಮೇಜಿನ ಖಾನೆಯಿಂದ ಒಂದು ಹಳೆ ಡೈರಿ ತೆಗೆದು ಮೊದಲ ಪುಟದಲ್ಲಿ ಅವನ ಹೆಸರು, ನಂಬರು ಬರೆದುಕೊಂಡೆ. ಪಕ್ಕದಲ್ಲಿ ಅವತ್ತಿನ ತಾರೀಖು ಹಾಕಿದೆ, ಆರು ತಿಂಗಳಿಗೊಮ್ಮೆ ಫೋನ್ ಮಾಡಿ ನಂಬರ್ ಅದೇ ಇದೆಯಾ ಅಂತ ಕೇಳೋಕೆ.